ಬೋರ್ಡ್ ಗೇಮ್‌ಗೆ ಚೆನ್ನಾಗಿ ಒಪ್ಪುವ, ಆದರೂ ಅಪರೂಪಕ್ಕೆ ಬಳಸುವ ಥೀಮ್ ಯಾವುದು? ವಿಡಿಯೋ ಗೇಮ್‌ನಿಂದ ತಂದರೂ ಸರಿ

ಕವಡೆ ಬಸವನಗುಡಿ

ಬೋರ್ಡ್ ಗೇಮ್ ಅಂಗಡಿಯ ಕಪಾಟು ನೋಡಿದರೆ ಡಬ್ಬಗಳ ಮೇಲೆ ಹೆಚ್ಚೂಕಡಿಮೆ ಅದೇ ಅದೇ ಚಿತ್ರಗಳು. ಮಧ್ಯಯುಗದ ವ್ಯಾಪಾರಿ, ಕೋಟೆ, ಡ್ರ್ಯಾಗನ್, ಅಂತರಿಕ್ಷ ನೌಕೆ, ಜೋಂಬಿ. ಭಾರತ ಬಂದರೆ ರಾಜ, ಅರಮನೆ, ಆನೆ, ಮಸಾಲೆ. 2009ರ 'ಜೈಪುರ್', 2017ರ 'ರಾಜಾಸ್ ಆಫ್ ದ ಗ್ಯಾಂಜಸ್' ಎರಡೂ ಒಳ್ಳೆ ಗೇಮ್‌ಗಳು. ನಮ್ಮನೇಲಿ ಜೈಪುರ್ ಈಗಲೂ ಆಡುತ್ತೇವೆ. ಆದರೆ ಅದರ ಒಂಟೆ ತೆಗೆದು ಟೆಂಪೋ ಬರೆದರೂ ಆಟ ಹಾಗೇ ಇರುತ್ತದೆ.

ಇನ್ನೊಂದು ಕಡೆ 2019ರಲ್ಲಿ ಎಲಿಜಬೆತ್ ಹಾರ್ಗ್ರೇವ್ ಮಾಡಿದ 'ವಿಂಗ್‌ಸ್ಪ್ಯಾನ್' ಇದೆ. ಅದರಲ್ಲಿ ಬೇಟೆ ಹಕ್ಕಿಯ ಕಾರ್ಡ್ ಇದ್ದರೆ ಡೆಕ್ಕಿನ ಮೇಲಿನ ಕಾರ್ಡ್ ತಿರುಗಿಸಿ ನೋಡಬೇಕು. ಅಲ್ಲಿರೋ ಹಕ್ಕಿಯ ರೆಕ್ಕೆ ಅಗಲ 75 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಬೇಟೆ ಸಿಕ್ಕಿತು, ಜಾಸ್ತಿ ಇದ್ದರೆ ತಪ್ಪಿತು. ಒಂದೊಂದು ಹಕ್ಕಿಗೆ ಈ ಅಳತೆ ಒಂದೊಂದು ಥರ. ನಿಯಮ ಹಕ್ಕಿಯಿಂದಲೇ ಹುಟ್ಟಿದೆ. ಹಕ್ಕಿ ನೋಡೋ ಹವ್ಯಾಸದ ಮೇಲೆ ಮಾಡಿದ ಆ ಗೇಮ್ ಹತ್ತು ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾಯಿತು.

ಹಾಗಾಗಿ ನನ್ನ ಪ್ರಶ್ನೆ. ನಮ್ಮ ಊರಲ್ಲಿ, ಸುತ್ತಮುತ್ತ, ಯಾವ ಕೆಲಸದ ಒಳಗೆ ಈಗಾಗಲೇ ಒಂದು ಆಟ ಕೂತಿದೆ? ಆ ಕೆಲಸ ಮಾಡೋರ ಇಕ್ಕಟ್ಟೇ ಆಟಗಾರರ ಇಕ್ಕಟ್ಟಾಗಬೇಕು. ಚಿತ್ರ ಮಾತ್ರ ಬದಲಾಯಿಸೋ ಥೀಮ್ ಬೇಡ. ಯಾವುದಾದರೂ ವಿಡಿಯೋ ಗೇಮನ್ನು ಮೇಜಿಗೆ ತರಬೇಕು ಅನ್ನಿಸಿದ್ದರೆ ಅದನ್ನೂ ಬರೆಯಿರಿ.

ಕಟ್ಟೆ ಮಲ್ಲೇಶ್ವರ

ಥೀಮ್‌ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಚೌಕಾಬಾರದಲ್ಲಿ ಯಾವ ಕಥೆ ಇದೆ? ನಾಲ್ಕು ಕವಡೆ, ಐದೈದು ಮನೆ, ಎದುರಿನ ಕಾಯಿ ಕಡಿಯೋದು, ನಮ್ಮ ಕಾಯಿ ಹಣ್ಣು ಮಾಡೋದು. ಅಳಗುಳಿ ಮಣೆಯಲ್ಲಿ ಹುಣಸೆ ಬೀಜ ಹಂಚುತ್ತಾ ಹೋಗೋದು. ಎಷ್ಟೋ ತಲೆಮಾರು ಆಡಿದ್ದಾರೆ, ಯಾರೂ ಥೀಮ್ ಕೇಳಲಿಲ್ಲ. ಗಟ್ಟಿತನ ಇರೋದು ನಿಯಮದಲ್ಲಿ ಅಂತ ನನ್ನ ನಂಬಿಕೆ.

ಕವಡೆ ಬಸವನಗುಡಿ

ನಿಯಮ ಗಟ್ಟಿ ಇರಬೇಕು ಅನ್ನೋದು ಒಪ್ಪಿದೆ ಸರ್. ಆದರೆ ಹುಲಿ-ಕುರಿ ಆಟ ನೋಡಿ. ಮೂರು ಹುಲಿ, ಹದಿನೈದು ಕುರಿ. ಹುಲಿಗೆ ಹಾರಿ ತಿನ್ನೋ ಬಲ, ಕುರಿಗೆ ಗುಂಪಿನ ಬಲ. ಹೊಸಬರಿಗೆ ಕಲಿಸೋಕೆ ಒಂದು ನಿಮಿಷ ಸಾಕು, ಯಾಕಂದ್ರೆ ಹುಲಿ ಏನು ಮಾಡುತ್ತದೆ, ಕುರಿ ಏನು ಮಾಡುತ್ತದೆ ಅಂತ ಮಕ್ಕಳಿಗೂ ಗೊತ್ತು. 2018ರಲ್ಲಿ 'ರೂಟ್' ಬಂದಾಗ ಒಂದೊಂದು ಬಣಕ್ಕೂ ಬೇರೆ ಬೇರೆ ನಿಯಮ ಅಂತ ಎಲ್ಲರೂ ಹೊಗಳಿದರು. ದೇವಸ್ಥಾನದ ಕಲ್ಲು ಜಗಲಿ ಮೇಲೆ ಕೊರೆದ ಹುಲಿ-ಕುರಿ ಮಣೆಯಲ್ಲಿ ಆ ಯೋಚನೆ ಆಗಲೇ ಇತ್ತು. ಒಳ್ಳೆ ಥೀಮ್ ಇದ್ದರೆ ಅರ್ಧ ನಿಯಮ ಅದೇ ಹೇಳಿಕೊಡುತ್ತದೆ.

ಯಲಹಂಕದ ಏರಿ

ನನ್ನ ಓಟು ಕೆರೆಗೆ.

ಬೆಂಗಳೂರಿನ ಪಕ್ಕ ದೊಡ್ಡ ನದಿ ಇಲ್ಲ. ಊರು ಕೂತಿರೋದು ದಿಬ್ಬದ ಮೇಲೆ, ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ಬಿದ್ದ ಮಳೆ ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ದಕ್ಷಿಣ ಪಿನಾಕಿನಿ ಕಡೆಗೆ ಹೋಗುತ್ತದೆ. ವೃಷಭಾವತಿಯ ನೀರು ಅರ್ಕಾವತಿ ಸೇರಿ ಕಾವೇರಿಗೆ. ದಾರಿಯುದ್ದಕ್ಕೂ ಕೆರೆಗಳ ಸರಣಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ. ಬೆಳ್ಳಂದೂರು ತುಂಬಿದ ಮೇಲೆ ವರ್ತೂರು.

ಆಟದಲ್ಲಿ ನಾವೆಲ್ಲ ನೀರುಗಂಟಿಗಳು, ಅಂದ್ರೆ ಕೆರೆ ನೀರು ಬಿಡೋರು. ಒಬ್ಬೊಬ್ಬರಿಗೂ ಕೆರೆ, ಅದರ ಕೆಳಗೆ ಅಚ್ಚುಕಟ್ಟು, ಅಂದ್ರೆ ಆ ನೀರು ಹರಿಯೋ ಗದ್ದೆ. ನೀರು ಅಂದ್ರೆ ನೀಲಿ ಮಣಿ. ಪ್ರತಿ ಸರದಿಯಲ್ಲಿ ಗದ್ದೆಗೆ ನೀರು ಬಿಡೋ ತೂಬು ಎಷ್ಟು ಎತ್ತಬೇಕು ಅಂತ ಎಲ್ಲರೂ ಕಾರ್ಡ್ ಮುಚ್ಚಿಟ್ಟು, ಒಟ್ಟಿಗೆ ತೆರೆಯೋದು. ಜಾಸ್ತಿ ಎತ್ತಿದರೆ ಗದ್ದೆಗೆ ಈಗ ನೀರು, ಆದರೆ ತೆನೆ ಬರೋ ಹೊತ್ತಿಗೆ ಕೆರೆ ಖಾಲಿ. ಕಡಿಮೆ ಎತ್ತಿ ಕೂಡಿಟ್ಟರೆ, ಮುಂದಿನ ಮಳೆ ಜೋರಾಗಿ ಬಂದಾಗ ಕೋಡಿ ಸಾಲದೆ ಏರಿ ಒಡೆಯುತ್ತದೆ. ಮೇಲಿನ ಏರಿ ಒಡೆದರೆ ಆ ನೀರೆಲ್ಲ ಒಂದೇ ಸಲ ಕೆಳಗಿನ ಕೆರೆಗೆ ನುಗ್ಗುತ್ತದೆ, ಅದರ ಏರಿಗೂ ಅಪಾಯ. ಸರಣಿ ಕೆರೆಗಳಲ್ಲಿ ನಿಜವಾಗಿ ಆಗೋದೂ ಇದೇ.

ಇದರ ಜೊತೆ ಹೂಳು. ಮೇಲಿನಿಂದ ನೀರು ಬಂದಾಗಲೆಲ್ಲ ಒಂದು ಕಂದು ಮಣಿಯೂ ಬರುತ್ತದೆ, ಬಂದು ಕೆರೆಯಲ್ಲಿ ಜಾಗ ಹಿಡಿಯುತ್ತದೆ. ಬೇಸಿಗೆಯಲ್ಲಿ ಹೂಳು ತೆಗೆಸಿದರೆ ನೀರಿಗೆ ಜಾಗ, ಆ ಮಣ್ಣು ಹೊಲಕ್ಕೆ ಗೊಬ್ಬರ. ಆದರೆ ಅದಕ್ಕೆ ಆಳು ಬೇಕು. ಅದೇ ಆಳುಗಳು ಏರಿ ದುರಸ್ತಿಗೂ ಬೇಕು.

ಆಟದ ಎರಡನೇ ಭಾಗದಲ್ಲಿ ಊರು ಬೆಳೆಯಬೇಕು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋ ಜಾಗ ಧರ್ಮಾಂಬುಧಿ ಕೆರೆಯದ್ದು. ಕಂಠೀರವ ಕ್ರೀಡಾಂಗಣದ ಜಾಗ ಸಂಪಂಗಿ ಕೆರೆಯದ್ದು. ಕೆರೆ ಅಂಗಳದಲ್ಲಿ ಲೇಔಟ್ ಮಾಡಿದರೆ ಕೈಗೆ ತಕ್ಷಣ ದುಡ್ಡು. ಆದರೆ ಆ ಜಾಗಕ್ಕೆ ಮತ್ತೆಂದೂ ನೀರಿನ ಮಣಿ ಇಡೋ ಹಾಗಿಲ್ಲ. ಮುಂದಿನ ಮಳೆಯ ನೀರು ಕೆಳಗಿನವರ ಮನೆಗೆ ನುಗ್ಗುತ್ತದೆ. ಇದನ್ನು ಒಮ್ಮೆ ಆಡಿದವರಿಗೆ 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆ ಯಾಕೆ ಮುಳುಗಿತು ಅಂತ ಬಿಡಿಸಿ ಹೇಳಬೇಕಿಲ್ಲ.

ಹಳೇ ಸೈಬರ್ ಕೆಫೆ

ಮೈ ಜುಂ ಅಂತು ಗುರು. ಆದರೆ ಒಂದು ತೊಡಕು ಇದೆ ಅಲ್ವಾ? ಎಲ್ಲಕ್ಕಿಂತ ಮೇಲಿನ ಕೆರೆ ಸಿಕ್ಕವನೇ ಗೆಲ್ಲುತ್ತಾನೆ. ಕೊನೆ ಕೆರೆಯವನು ಬೇರೆಯವರ ಕೈ ನೋಡುತ್ತಾ ಕೂರಬೇಕು.

ಯಲಹಂಕದ ಏರಿ

ಅದಕ್ಕೆ ಉತ್ತರ ಕಣಿವೆಗಳಲ್ಲೇ ಇದೆ. ಕಣಿವೆ ಮೂರು, ಆಟಗಾರರೂ ಮೂರು. ಒಬ್ಬೊಬ್ಬರಿಗೂ ಮೂರು ಕೆರೆ, ಕಣಿವೆಗೊಂದು. ಒಂದು ಕಣಿವೆಯಲ್ಲಿ ನಾನು ಮೇಲೆ, ಇನ್ನೊಂದರಲ್ಲಿ ನಡುವೆ, ಮತ್ತೊಂದರಲ್ಲಿ ಕೊನೆಗೆ. ಹೆಬ್ಬಾಳದಲ್ಲಿ ನಾನು ನಿಮ್ಮ ನೀರು ತಡೆದರೆ ವೃಷಭಾವತಿಯಲ್ಲಿ ನೀವು ನನ್ನ ನೀರು ತಡೆಯುತ್ತೀರಿ. ಮಾತುಕತೆ ತಾನಾಗೇ ಶುರುವಾಗುತ್ತದೆ. 'ಈ ಸಲ ಎರಡು ಮಣಿ ಬಿಡ್ತೀನಿ, ಅಲ್ಲಿ ನೀನು ಒಂದು ಬಿಡು.' ಕೊಟ್ಟ ಮಾತು ಉಳಿಸಿಕೊಳ್ಳಲೇಬೇಕು ಅನ್ನೋ ನಿಯಮ ಹಾಕೋದಿಲ್ಲ.

ಕಟ್ಟೆ ಮಲ್ಲೇಶ್ವರ

ಇದು ನನಗೂ ಹಿಡಿಸಿತು. ನಿಯಮವೂ ಗಟ್ಟಿ ಇದೆ. ಒಂದೇ ಮಾತು: ದುಡ್ಡು, ಬೆಳೆ, ನೀರು ಮೂರಕ್ಕೂ ಬೇರೆ ಬೇರೆ ಪಾಯಿಂಟ್ ಇಟ್ಟು ಲೆಕ್ಕದ ಪುಸ್ತಕ ಮಾಡಬೇಡಿ. ಕೊನೆಗೆ ಎಣಿಸೋದು ಭತ್ತ ಮಾತ್ರ ಆಗಲಿ.

ರೇಷ್ಮೆ ರಾಮನಗರ

ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ನಾನು ಕೆಲಸಕ್ಕೆ ಅಂತ ಕೆಂಗೇರಿಯಲ್ಲಿದ್ದೇನೆ. ಬೇಸಾಯದ ಗೇಮ್ ಅಂದ್ರೆ ಎಲ್ಲರೂ 2007ರ 'ಅಗ್ರಿಕೋಲಾ' ಹೆಸರು ಹೇಳುತ್ತಾರೆ. ಗೋಧಿ, ಕುರಿ, ಹಂದಿ. ನಾನು ಆಡಿದಾಗೆಲ್ಲ ಯೋಚಿಸೋದು, ಹುಳು ಸಾಕೋದರಲ್ಲಿ ಇದಕ್ಕಿಂತ ಬಿಗಿಯಾದ ಆಟ ಇದೆ ಅಂತ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊಟ್ಟೆ ಒಡೆದಾಗಿನಿಂದ ಗೂಡು ಕಟ್ಟೋವರೆಗೆ ಹೆಚ್ಚೂಕಡಿಮೆ ನಾಲ್ಕು ವಾರ. ಹುಳುವಿಗೆ ಐದು ಹಂತ, ನಡುವೆ ನಾಲ್ಕು ಜ್ವರ, ಅಂದ್ರೆ ಪೊರೆ ಬಿಡೋ ಹೊತ್ತು. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ. ಆಗ ಸೊಪ್ಪು ಹಾಕಬಾರದು. ಪೊರೆ ಬಿಟ್ಟು ಎದ್ದ ಮೇಲೆ ಮತ್ತೆ ತಿನ್ನೋಕೆ ಶುರು. ಮೊದಲ ಹಂತಗಳಲ್ಲಿ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿದರೆ ಆಯಿತು, ಖರ್ಚು ಏನೂ ಅಲ್ಲ. ಒಟ್ಟು ಸೊಪ್ಪಿನಲ್ಲಿ ಶೇ 80ಕ್ಕಿಂತ ಜಾಸ್ತಿ ಹೋಗೋದು ಐದನೇ ಹಂತದ ಒಂದು ವಾರದಲ್ಲಿ. ಆ ವಾರ ಹುಳು ಮನೆಯ ಬಾಗಿಲಲ್ಲಿ ನಿಂತರೆ ಸೊಪ್ಪು ಕಡಿಯೋ ಸದ್ದು ಕೇಳಿಸುತ್ತದೆ. ಹೊತ್ತು ತಪ್ಪದೆ ಸೊಪ್ಪು ತಂದು ಹಾಕುತ್ತಲೇ ಇರಬೇಕು.

ಇಕ್ಕಟ್ಟು ಇರೋದು ಮೊಟ್ಟೆ ತರೋ ದಿನ. ನೂರು ಮೊಟ್ಟೆ ತರೋದಾ, ಇನ್ನೂರಾ? (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನೇ ನಾವು ಒಂದು ಮೊಟ್ಟೆ ಅನ್ನೋದು.) ತೋಟದಲ್ಲಿ ಇವತ್ತು ಹಿಪ್ಪುನೇರಳೆ ಗಿಡ ಹೇಗಿದೆ ಅಂತ ನೋಡಿ, ಮೂರು ವಾರ ಆದ ಮೇಲೆ ಎಷ್ಟು ಸೊಪ್ಪು ಸಿಗುತ್ತದೆ ಅಂತ ಅಂದಾಜು ಮಾಡಬೇಕು. ಆಟದಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಮೊಟ್ಟೆ ತಂದರೆ ಎಲ್ಲರ ಹುಳುವೂ ಒಟ್ಟಿಗೆ ಐದನೇ ಹಂತಕ್ಕೆ ಬರುತ್ತದೆ. ಆಗ ಪಕ್ಕದ ತೋಟದ ಸೊಪ್ಪಿಗೆ ಬೆಂಕಿ ಬೆಲೆ. ಒಂದು ವಾರ ತಡವಾಗಿ ತಂದವನು ಅಗ್ಗದಲ್ಲಿ ಬಚಾವಾಗುತ್ತಾನೆ, ಆದರೆ ಅವನ ಗೂಡು ಮಾರುಕಟ್ಟೆಗೆ ಕೊನೆಯಲ್ಲಿ ಬರುತ್ತದೆ.

ಆಮೇಲೆ ಚಂದ್ರಿಕೆ. ಹಣ್ಣಾದ ಹುಳುಗಳನ್ನು ಆಯ್ದು ಬಿದಿರಿನ ಚಂದ್ರಿಕೆ ಮೇಲೆ ಬಿಡಬೇಕು. ಅಲ್ಲೇ ಅವು ಗೂಡು ಕಟ್ಟೋದು. ಚಂದ್ರಿಕೆ ಸಾಲದಿದ್ದರೆ ಬಾಡಿಗೆಗೆ ತರಬೇಕು. ಹುಳು ಹಣ್ಣಾದ ಮೇಲೆ 'ನಾಳೆ ನೋಡೋಣ' ಅನ್ನೋ ಮಾತಿಲ್ಲ. ಹಾಗಾಗಿ ಮೇಜಿನ ನಡುವೆ ಚಂದ್ರಿಕೆ ಬೇಕಾದ್ದಕ್ಕಿಂತ ಕಡಿಮೆ ಇರಬೇಕು. ಮೊದಲು ಹೋದವರಿಗೆ ಸಿಗಲಿ.

ಅಪಾಯಕ್ಕೆ ಊಜಿ ನೊಣ. ಅದು ಕರ್ನಾಟಕಕ್ಕೆ ಬಂದಿದ್ದು 1980ರಲ್ಲಿ. ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಒಳಗೆ ಬೆಳೆದ ಮರಿ ಹುಳುವನ್ನೇ ತಿಂದು ಹೊರಗೆ ಬರುತ್ತದೆ. ಕಿಟಕಿ ಬಾಗಿಲಿಗೆ ಬಲೆ ಹಾಕಿದರೆ ತಡೆಯಬಹುದು. ಬಲೆಗೆ ಖರ್ಚು ಮಾಡೋದಾ, ಆ ದುಡ್ಡಿಗೆ ಇನ್ನಷ್ಟು ಮೊಟ್ಟೆ ತರೋದಾ? ಇದೇ ಆಟದ ಜೂಜು.

ಕೊನೆಗೆ ರಾಮನಗರದ ಗೂಡಿನ ಮಾರುಕಟ್ಟೆ, ಹರಾಜು. ಆವತ್ತು ಎಷ್ಟು ಗೂಡು ಬಂದಿದೆ ಅನ್ನೋದರ ಮೇಲೆ ಬೆಲೆ. ರೀಲರ್, ಅಂದ್ರೆ ಗೂಡಿನಿಂದ ನೂಲು ತೆಗೆಯೋರು, ಹೇಳಿದ ಬೆಲೆ ಬೇಡ ಅಂತ ರೈತ ಹೇಳಬಹುದು. ಆದರೆ ಗೂಡು ಬಹಳ ದಿನ ಕಾಯೋದಿಲ್ಲ, ಚಿಟ್ಟೆ ಹೊರಗೆ ಬಂದರೆ ನೂಲು ತುಂಡು. ಹರಾಜಿನ ಗೇಮ್‌ಗಳಲ್ಲಿ ಮಾಮೂಲಾಗಿ ಕೊಳ್ಳೋರಿಗೆ ಮಾತ್ರ ಒತ್ತಡ. ಇಲ್ಲಿ ಮಾರೋರಿಗೂ ಅಷ್ಟೇ ಒತ್ತಡ ಇರುತ್ತದೆ. ಅದನ್ನು ಮೇಜಿನ ಮೇಲೆ ನೋಡಬೇಕು ಅನ್ನೋದು ನನ್ನ ಆಸೆ.

ಕವಡೆ ಬಸವನಗುಡಿ

ಎರಡು ಸಲ ಓದಿದೆ ಅಕ್ಕ. ಇದರಲ್ಲಿ ಥೀಮ್ ಎಲ್ಲಿ ಮುಗಿದು ನಿಯಮ ಎಲ್ಲಿ ಶುರುವಾಗುತ್ತದೆ ಅಂತ ಬಿಡಿಸೋಕೇ ಆಗೋದಿಲ್ಲ. ಐದು ಹಂತ ಅಂದ್ರೆ ಐದು ರೌಂಡ್. ಜ್ವರದ ಸರದಿಯಲ್ಲಿ ಸೊಪ್ಪಿನ ಖರ್ಚಿಲ್ಲ, ಆಗ ಮಾತ್ರ ಸಾಲ, ಬಲೆ, ಬಾಡಿಗೆ ಮಾತಾಡಿಕೊಳ್ಳಬಹುದು ಅಂತ ಮಾಡಿದರೆ?

ರೇಷ್ಮೆ ರಾಮನಗರ

ಹೌದು, ಹಾಗೇ ಆಗಬೇಕು. ಮನೆಯವರಿಗೆ ಸ್ವಲ್ಪ ಉಸಿರು ಬಿಡೋಕೆ ಆಗೋದೂ ಆಗಲೇ.

ಹಳೇ ಸೈಬರ್ ಕೆಫೆ

ವಿಡಿಯೋ ಗೇಮ್ ಕಡೆಯಿಂದ ನಾನು ಬರೆಯುತ್ತೇನೆ.

ಬೋರ್ಡ್ ಗೇಮ್, ವಿಡಿಯೋ ಗೇಮ್ ನಡುವಿನ ಓಡಾಟ ಎರಡೂ ಕಡೆಯಿಂದ ನಡೆದಿದೆ. ಫ್ರಾನ್ಸಿಸ್ ಟ್ರೆಶಾಮ್ 1980ರಲ್ಲಿ 'ಸಿವಿಲೈಸೇಶನ್' ಹೆಸರಿನ ಬೋರ್ಡ್ ಗೇಮ್ ತಂದರು. 1991ರಲ್ಲಿ ಸಿಡ್ ಮೈಯರ್ ಅದೇ ಹೆಸರಿನ ಕಂಪ್ಯೂಟರ್ ಗೇಮ್ ಮಾಡಿದರು. ಆಮೇಲೆ 2002ರಲ್ಲೂ 2010ರಲ್ಲೂ ಆ ಕಂಪ್ಯೂಟರ್ ಗೇಮ್ ಬೋರ್ಡಾಗಿ ಬಂತು. 2008ರ 'ಡೊಮಿನಿಯನ್' ಡೆಕ್ ಕಟ್ಟೋ ಆಟಕ್ಕೆ, ಅಂದ್ರೆ ಆಡುತ್ತಾ ನಮ್ಮ ಕಾರ್ಡ್ ಕಟ್ಟು ಬೆಳೆಸೋ ಆಟಕ್ಕೆ, ದಾರಿ ಹಾಕಿತು. ಆ ದಾರಿಯಲ್ಲಿ ಕಂಪ್ಯೂಟರ್‌ನಲ್ಲಿ 'ಸ್ಲೇ ದ ಸ್ಪೈರ್' ಬಂತು, ಈಗ ಅದೂ ಡಬ್ಬದಲ್ಲಿ ಸಿಗುತ್ತದೆ.

ಎಲ್ಲವೂ ಚೆನ್ನಾಗಿ ಬರೋದಿಲ್ಲ. ಕಂಪ್ಯೂಟರ್ ಸದ್ದಿಲ್ಲದೆ ಮಾಡೋ ಲೆಕ್ಕವನ್ನೆಲ್ಲ ಆಟಗಾರರ ತಲೆಗೆ ಕಟ್ಟಿದರೆ ಆಟ ಸತ್ತು ಹೋಗುತ್ತದೆ. ಪ್ರತಿ ಸರದಿಗೂ ಹತ್ತು ಟೋಕನ್ ಸರಿಸಿ, ನಾಲ್ಕು ಟೇಬಲ್ ನೋಡಬೇಕು. ಡಬ್ಬದ ತುಂಬ ಪ್ಲಾಸ್ಟಿಕ್ ಗೊಂಬೆ ಇಟ್ಟ ಮಾತ್ರಕ್ಕೆ ಆ ಗೇಮಿನ ಭಯ, ಆತುರ ಬರೋದಿಲ್ಲ. ಚೆನ್ನಾಗಿ ಬಂದಿರೋದಕ್ಕೆ 'ಫ್ರಾಸ್ಟ್‌ಪಂಕ್' ಉದಾಹರಣೆ. ಹಿಮದ ನಡುವೆ ಒಂದು ಊರು, ಅದಕ್ಕೆ ಒಂದೇ ಉಗಿ ಯಂತ್ರ. ಕಂಪ್ಯೂಟರ್‌ನಲ್ಲಿ ಯಂತ್ರದ ಒತ್ತಡ ಒಂದು ಮೀಟರ್ ಅಷ್ಟೆ. ಬೋರ್ಡಿನಲ್ಲಿ ನಿಜವಾದ ಗೋಪುರ ನಿಲ್ಲಿಸಿದ್ದಾರೆ. ಕಲ್ಲಿದ್ದಲಿನ ಕ್ಯೂಬ್‌ಗಳನ್ನು ಮೇಲಿಂದ ಒಳಗೆ ಹಾಕಬೇಕು. ಕೆಲವು ಒಳಗೇ ಸಿಕ್ಕಿಕೊಳ್ಳುತ್ತವೆ, ಕೆಲವು ಕೆಳಗೆ ಉರುಳುತ್ತವೆ. ಎಷ್ಟು ಉರುಳುತ್ತವೋ ಅಂತ ಮೇಜಿನ ಸುತ್ತ ಇರೋರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಾರೆ. ಲೆಕ್ಕ ಹೋಗಿ ಕಣ್ಣೆದುರಿನ ವಸ್ತು ಆಯಿತು.

ನನಗೆ ಮೇಜಿಗೆ ತರಬೇಕು ಅನ್ನಿಸೋದು 2013ರ 'ಪೇಪರ್ಸ್, ಪ್ಲೀಸ್' ಮಾಡಿದ ಕೆಲಸ. ಗಡಿಯಲ್ಲಿ ಕೂತು ಕಾಗದ ನೋಡಿ ಸೀಲ್ ಹಾಕೋ ಗುಮಾಸ್ತನ ಗೇಮ್ ಅದು. ಗಡಿ ಬದಲು ತಾಲ್ಲೂಕು ಕಚೇರಿ ಕೌಂಟರ್ ಇಡಿ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಎದುರಿಗೆ ವಯಸ್ಸಾದ ಅಜ್ಜಿ, ಹಿಂದೆ ಉದ್ದ ಸಾಲು. ಬಿಟ್ಟರೆ ಮೇಲಿನವರಿಗೆ ಉತ್ತರ ಕೊಡಬೇಕು, ಬಿಡದಿದ್ದರೆ ಅಜ್ಜಿ ಮತ್ತೆ ಬಸ್ ಹತ್ತಿ ಬರಬೇಕು. ಎರಡು ಕಾರ್ಡ್ ಪಕ್ಕಪಕ್ಕ ಇಟ್ಟು ಹೋಲಿಸೋದು ಕೈಯಲ್ಲಿ ಮಾಡೋ ಕೆಲಸವೇ. ಕಂಪ್ಯೂಟರ್ ಬೇಕಾಗಿಲ್ಲ.

ಕೊನೇ ಸೀಟು

ಬಿಎಂಟಿಸಿ ಕಂಡಕ್ಟರ್!

ಬಸ್ ಅಂದ ತಕ್ಷಣ ಎಲ್ಲರೂ ರೂಟ್ ಹಾಕೋ ಗೇಮ್ ಯೋಚಿಸುತ್ತಾರೆ. ಅದಕ್ಕೆ 2004ರಿಂದ 'ಟಿಕೆಟ್ ಟು ರೈಡ್' ಇದೆ, ಭಾರತದ ನಕ್ಷೆಯೂ ಬಂದಿದೆ. ನಾನು ಹೇಳೋದು ಬಸ್ಸಿನ ಒಳಗಿನ ಆಟ. ಇಲ್ಲಿ ಆಸ್ತಿ ಅಂದ್ರೆ ಚಿಲ್ಲರೆ. ಹತ್ತುವವರು ಒಂದೊಂದು ಕಾರ್ಡ್: ಎಲ್ಲಿಗೆ ಹೋಗಬೇಕು, ಕೈಯಲ್ಲಿ ಯಾವ ನೋಟು. ಬೆಳಗ್ಗೆ ಚೀಲದಲ್ಲಿ ಚಿಲ್ಲರೆ ಕಡಿಮೆ, ಎಲ್ಲರೂ ಕೊಡೋದು ನೂರರ ನೋಟು. ಬಾಕಿ ಇದ್ದರೆ ಟಿಕೆಟ್ ಹಿಂದೆ ಬರೆದು ಕೊಡಬೇಕು. ಅವರ ಸ್ಟಾಪ್ ಬರೋದರೊಳಗೆ ಕೊಡಲಿಲ್ಲ ಅಂದ್ರೆ ಜಗಳ. ಮುಂದಿನ ಸ್ಟೇಜ್ ಬರೋದರೊಳಗೆ ಎಲ್ಲರಿಗೂ ಟಿಕೆಟ್ ಕೊಟ್ಟಿರಬೇಕು, ಚೆಕಿಂಗ್‌ನವರು ಎಲ್ಲಿ ಹತ್ತುತ್ತಾರೋ ಗೊತ್ತಿಲ್ಲ. ಮುಂದೆ ಹೋಗೋದಾ, ಹಿಂದಿನ ಬಾಗಿಲ ಹತ್ತಿರ ಇರೋದಾ ಅನ್ನೋದೇ ಒಂದು ಲೆಕ್ಕ.

ಫೋನ್‌ನಲ್ಲಿ ದುಡ್ಡು ಕೊಡೋ ಕಾಲಕ್ಕಿಂತ ಮುಂಚೆ ನಡೆಯೋ ಆಟ ಇದು. 2023ರ ಶಕ್ತಿ ಯೋಜನೆ ಎಕ್ಸ್‌ಪಾನ್ಷನ್ (ಆಮೇಲೆ ಸೇರಿಸೋ ಭಾಗ) ಆಗಬಹುದು. ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಚಿಲ್ಲರೆ ಚಿಂತೆ ಇಲ್ಲ, ಆದರೂ ಶೂನ್ಯ ಟಿಕೆಟ್ ಹರಿದು ಕೊಡಲೇಬೇಕು. ಜನ ಜಾಸ್ತಿ, ಸಮಯ ಅಷ್ಟೇ.

ಹಳೇ ಪೇಟೆ

ಇತಿಹಾಸದ ಕಡೆಯಿಂದ ಎರಡು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. 'ಪ್ಲೇಗ್ ಇಂಕ್' ಗೇಮಿನಲ್ಲಿ ಆಟಗಾರನೇ ರೋಗಾಣು, ಅದಕ್ಕೆ 2017ರಲ್ಲಿ ಬೋರ್ಡೂ ಬಂತು. 2008ರ 'ಪ್ಯಾಂಡೆಮಿಕ್'ನಲ್ಲಿ ರೋಗ ತಡೆಯೋಕೆ ಇಡೀ ಜಗತ್ತು ಓಡಾಡಬೇಕು. ನಮ್ಮದು ಒಂದೇ ಪೇಟೆಯ ಒಳಗೆ ಇರಲಿ. ಇಕ್ಕಟ್ಟು ಗಲ್ಲಿಗಳಿಂದ ಜನರನ್ನು ಹೊರಗೆ ಕಳಿಸಬೇಕು, ಕಳಿಸೋಕೆ ಹೊಸ ಬಡಾವಣೆ ಬೇಕು. ಬಸವನಗುಡಿ, ಮಲ್ಲೇಶ್ವರ ಬೆಳೆದಿದ್ದೇ ಆ ಕಾಲದಲ್ಲಿ. ಅಗಲ ರಸ್ತೆ, ಮನೆಗಳ ಹಿಂದೆ ಕಸ, ಮಲ ಸಾಗಿಸೋಕೆ ಕನ್ಸರ್ವೆನ್ಸಿ ಓಣಿ. ರೋಗ ತಡೆಯೋದೂ ಊರು ಕಟ್ಟೋದೂ ಒಂದೇ ಕೆಲಸ ಆಗಿರೋ ಕೋ-ಆಪ್ ಗೇಮ್, ಅಂದ್ರೆ ಎಲ್ಲರೂ ಒಂದೇ ಕಡೆ ನಿಂತು ಆಡೋದು. ಮನೆ ಬಿಟ್ಟು ಹೋಗಲ್ಲ ಅನ್ನೋ ಜನರ ಮನಸ್ಸನ್ನೂ ಗೆಲ್ಲಬೇಕು.

ಎರಡನೇದು 1902. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಗಣಿಗಾ, ಊರಿಗಾ? ಹೊಳೆಯಲ್ಲಿ ನೀರು ಇಳಿದರೆ ಯಾರ ಲೈನ್ ಕಡಿತ? ವಿದ್ಯುತ್ ಹಂಚೋ ಬೋರ್ಡ್ ಗೇಮ್ 'ಪವರ್ ಗ್ರಿಡ್' ಇಷ್ಟಪಡೋರಿಗೆ ಇದು ಹಿಡಿಸುತ್ತದೆ.

ಕಟ್ಟೆ ಮಲ್ಲೇಶ್ವರ

ಪ್ಲೇಗ್ ಥೀಮ್ ಬಗ್ಗೆ ಒಂದು ಮಾತು. ಆಗ ಸತ್ತವರು ನಮ್ಮ ಬೀದಿಗಳಲ್ಲೇ ಇದ್ದ ಜನ. ಆಟದಲ್ಲಿ ಅವರು ಬರೀ ಕೆಂಪು ಕ್ಯೂಬ್ ಆಗೋದು ಬೇಡ. ಮನೆ ಮನೆಗೂ ಒಂದು ಕಾರ್ಡ್ ಇರಲಿ, ಅದರಲ್ಲಿ ಕುಟುಂಬದ ಕಸುಬು ಬರೆದಿರಲಿ. ನೇಕಾರರ ಮನೆ ಖಾಲಿಯಾದರೆ ಪೇಟೆಗೆ ಆ ಕಸುಬು ಇಲ್ಲ ಅನ್ನೋದು ಆಟದಲ್ಲಿ ತಟ್ಟಬೇಕು.

ಹಳೇ ಪೇಟೆ

ಖಂಡಿತ ಸರ್. ಅದು ಬರೆದುಕೊಂಡೆ.

ಅರಗು ಬಣ್ಣ

ಕಾಯಿಗಳ ಬಗ್ಗೆ ಯಾರೂ ಮಾತಾಡಲಿಲ್ಲ. ಪ್ಲಾಸ್ಟಿಕ್ ಗೊಂಬೆ ಅಚ್ಚು ಹಾಕಿಸೋದು ನಮ್ಮಂಥವರ ಜೇಬಿಗೆ ಆಗೋ ಮಾತಲ್ಲ. ಆದರೆ ಚನ್ನಪಟ್ಟಣ ಇಲ್ಲೇ ಇದೆ, ಸುಮಾರು 60 ಕಿ.ಮೀ. ಆಲೆ ಮರದ ತುಂಡು ಲೇತ್ ಯಂತ್ರದ ಮೇಲೆ ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗಿದ ಎಲೆ ಇಟ್ಟು ಉಜ್ಜಿದರೆ ಹೊಳಪು. ಹೀಗೆ ತಿರುಗಿಸಿ ಮಾಡೋದರಿಂದ ಗುಂಡಗಿನ ಆಕಾರ ಸುಲಭ, ಮೂಲೆ ಇರೋ ಆಕಾರ ಕಷ್ಟ. ಆದ್ದರಿಂದ ಮನೆ, ಕೋಟೆ, ಹಡಗಿನ ಕಾಯಿ ಬೇಡ ಅಂದುಕೊಳ್ಳಿ.

ನಿಮ್ಮ ಎರಡು ಥೀಮ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ. ರೇಷ್ಮೆ ಗೂಡು ಮೊಟ್ಟೆ ಆಕಾರದ್ದು. ಹಳದಿ, ಬಿಳಿ ಎರಡು ಬಣ್ಣ ಸಾಕು. ಮಿಶ್ರತಳಿ ಹುಳುವಿನ ಗೂಡಿಗೆ ಹಳದಿ, ದ್ವಿತಳಿ ಹುಳುವಿನದಕ್ಕೆ ಬಿಳಿ. ಕೆರೆಗೆ ಬೇಕಾಗಿರೋದು ಗುಂಡು ಮಣಿ. ಮಕ್ಕಳು ಬಾಯಿಗೆ ಹಾಕಿಕೊಳ್ಳೋ ಮನೆ ಇದ್ದರೆ ಮಾತ್ರ ಮಣಿಯ ಅಳತೆ ದೊಡ್ಡದಿರಲಿ.

ರೇಷ್ಮೆ ರಾಮನಗರ

ಹಳದಿ, ಬಿಳಿ ಸರಿಯಾಗಿದೆ. ದ್ವಿತಳಿಗೆ ಬೆಲೆ ಜಾಸ್ತಿ, ಸಾಕೋದು ಸೂಕ್ಷ್ಮ. ಹಾಗಾಗಿ ಬಿಳಿ ಗೂಡಿಗೆ ಪಾಯಿಂಟ್ ಜಾಸ್ತಿ ಇಟ್ಟು, ರೋಗದ ಕಾರ್ಡ್ ಬಂದರೆ ಮೊದಲು ಅದೇ ಹೋಗಲಿ.

ಕವಡೆ ಬಸವನಗುಡಿ

ಮೊದಲು ಕೆರೆ ಆಟದ ಕಾಗದದ ಮಾದರಿ ಮಾಡುತ್ತೇನೆ, ಆಮೇಲೆ ರೇಷ್ಮೆ. ಕೆರೆಯಲ್ಲಿ ಒಂದು ವಿಷಯ ಬಗೆಹರಿಯಬೇಕು. ಮಳೆ ಎಷ್ಟು ಬರುತ್ತದೆ ಅಂತ ದಾಳ ಹಾಕೋದಾ, ಕಾರ್ಡಾ? ದಾಳ ಆದರೆ ಬೇಸಿಗೆಯಲ್ಲೂ ಆರು ಬೀಳಬಹುದು.

ಯಲಹಂಕದ ಏರಿ

ದಾಳ ಬೇಡ. ರೈತರು ಲೆಕ್ಕ ಹಾಕೋ ಮಳೆ ನಕ್ಷತ್ರಗಳನ್ನೇ ಸರದಿ ಮಾಡಿ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಹೀಗೆ ಸ್ವಾತಿ, ವಿಶಾಖದವರೆಗೆ. ಒಂದೊಂದೂ ಸುಮಾರು ಎರಡು ವಾರ. 'ಭರಣಿ ಮಳೆ ಧರಣಿ ಬೆಳೆ' ಅಂತಾರಲ್ಲ, ಭರಣಿಯಲ್ಲಿ ಬಂದ ನೀರಿಗೆ ಭತ್ತ ಎರಡರಷ್ಟು ಎಣಿಸಿ. ಒಂದೊಂದು ನಕ್ಷತ್ರಕ್ಕೂ ನಾಲ್ಕು ಕಾರ್ಡ್ ಮಾಡಿ, ಅದರಲ್ಲಿ ಒಂದನ್ನು ಮಾತ್ರ ತೆರೆಯಿರಿ. ಬೆಂಗಳೂರಲ್ಲಿ ಮಳೆ ಜೋರಾಗೋದು ಹುಬ್ಬ, ಉತ್ತರಾ, ಹಸ್ತದಲ್ಲಿ, ಅಂದ್ರೆ ಸೆಪ್ಟೆಂಬರ್ ಆಚೀಚೆ. ಆ ಮೂರರ ಕಾರ್ಡ್‌ಗಳಲ್ಲಿ ದೊಡ್ಡ ಸಂಖ್ಯೆ ಇರಲಿ, ಜೊತೆಗೆ ಒಂದೊಂದು ಸೊನ್ನೆಯೂ ಇರಲಿ. ತೂಬು ಎಷ್ಟು ಎತ್ತಬೇಕು ಅನ್ನೋ ಕಾರ್ಡನ್ನು ಎಲ್ಲರೂ ಇಟ್ಟ ಮೇಲೆ ಮಳೆ ಕಾರ್ಡ್ ತಿರುಗಿಸಿ, ಮುಂಚೆ ಅಲ್ಲ.